ಗೋಡೆಯ ತೂಕ

ಜೂನ್ ೯, ಭಾನುವಾರ

ಪ್ರೀತಿಯ ಚೂಟಿ,

ಹೇಗಿದ್ದೀಯಾ? ನಿನ್ನ ಕಾಗದಗಳೆಲ್ಲ ಬಂದು ಸೇರಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ಆ ಹಕ್ಕು ನಿನಗಿದೆ. ನಿಮ್ಮ ನಾಟಕ ತಂಡ ಒಂದು ಊರಿನಲ್ಲಿ ವಾರ ನಿಲ್ಲುವುದಿಲ್ಲ, ಕಾಗದವನ್ನು ಎಲ್ಲಿಗೆಂದು ಹಾಕಲಿ ಎನ್ನುವುದು ನಾನು ಹೇಳಿಕೊಳ್ಳುತ್ತಿದ್ದ ನೆಪ. ನಿಜ ಹೇಳಬೇಕೆಂದರೆ, ಕುಳಿತಾಗಲೆಲ್ಲ ನಿನ್ನ ಹೆಸರು ಬರೆದು ಪೆನ್ನು ಮುಚ್ಚಿಡುತ್ತಿದ್ದೆ. ಫೋನಿನಲ್ಲಾದರೂ ಅಷ್ಟೇ. ಎರಡು ಮಾತಿನ ಮೇಲೆ ಮುಂದೆ ಹೋಗುವುದಿಲ್ಲ. ನೀನು ‘ಊಟ ಆಯ್ತಾ?’ ಎನ್ನುತ್ತೀಯ, ನಾನು ‘ಆಯ್ತು’ ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು.

ನಾನು ಚೆನ್ನಾಗಿದ್ದೇನೆ. ಮಂಡಿನೋವು ತನ್ನ ಪಾಡಿಗೆ ತಾನಿದೆ. ಅಡುಗೆಮನೆಯ ನಲ್ಲಿ ಸೋರುವುದು ಕೊನೆಗೂ ನಿಂತಿತು. ಅಪ್ಪನ ಪುಸ್ತಕಗಳಲ್ಲಿ ಅರ್ಧವನ್ನು ನಮ್ಮ ಸಂಸ್ಥೆಯ ಲೈಬ್ರರಿಗೆ ಕೊಟ್ಟೆ. ಲೈಬ್ರರಿಯವರು ಬಂದು ಕಟ್ಟು ಕಟ್ಟುವಾಗ ಮನಸ್ಸು ಬದಲಾಯಿಸಿ, ನಾಚಿಕೆಯಿಲ್ಲದೆ ಮೇಲಿನ ಕಟ್ಟು ಬಿಚ್ಚಿಸಿ ನಾಲ್ಕೈದನ್ನು ವಾಪಸ್ ಇಟ್ಟುಕೊಂಡೆ.

ಹೇಳಬೇಕಾದ ಸುದ್ದಿ ಬೇರೆ ಇದೆ. ನಮ್ಮ ಲೇಖನ ಅಚ್ಚಾಗಿ ಬಂತು. ಇಬ್ಬರ ಹೆಸರೂ ಇದೆ. ನಿಮ್ಮಪ್ಪನ ಹೆಸರಿನ ತಲೆಯ ಮೇಲೆ ಚಿಕ್ಕದೊಂದು ಗುರುತು, ಅದು ಯಾಕೆಂದು ಪುಟದ ಅಡಿಯಲ್ಲಿ ಒಂದೇ ಸಾಲು. ಇಷ್ಟು ವರ್ಷ ಅಡಿಟಿಪ್ಪಣಿ ಬರೆದು ಬರೆದು ಕೈ ಸವೆಸಿಕೊಂಡವಳಿಗೆ ಆ ಒಂದು ಸಾಲು ಓದಿ ಮುಗಿಸಲು ಆಗಲಿಲ್ಲ. ಪ್ರತಿಯನ್ನು ಊಟದ ಮೇಜಿನ ಮೇಲೆ ಮಗುಚಿಟ್ಟು ಬಟ್ಟೆ ಒಗೆಯಲು ಹೋದೆ.

ಆ ಲೇಖನ ಹುಟ್ಟಿದ ವರ್ಷ ಈ ಮನೆಯಲ್ಲಿ ಏನೇನು ನಡೆಯಿತೆಂದು ನಿನಗೆ ಸರಿಯಾಗಿ ಗೊತ್ತಿಲ್ಲ. ನೀನು ಬಂದಾಗ ಎಲ್ಲ ಮುಗಿಯುತ್ತ ಬಂದಿತ್ತು. ಅದನ್ನು ಹೇಳೋಣವೆಂದೇ ಇವತ್ತು ಕುಳಿತಿದ್ದೇನೆ.

ಶಾಲೆಯಲ್ಲಿ ಟೀಚರು ಅಪ್ಪ ಅಮ್ಮ ಏನು ಮಾಡ್ತಾರೆ ಎಂದು ಕೇಳಿದಾಗ ನೀನು, ‘ಅಪ್ಪ ಲೆಕ್ಕ ಮಾಡ್ತಾರೆ, ಅಮ್ಮ ಅದನ್ನ ನಂಬಲ್ಲ’ ಅಂದಿದ್ದೆಯಂತೆ. ನಮ್ಮ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ. ನೀರು ಹರಿಯುವುದು, ಬಿಸಿ ಹರಡುವುದು, ರಕ್ತ ಓಡುವುದು, ಎಲ್ಲಕ್ಕೂ ಆಂಶಿಕ ಅವಕಲ ಸಮೀಕರಣಗಳಿವೆ. ನೀನು ಚಿಕ್ಕವಳಿದ್ದಾಗ ಆ ಹೆಸರನ್ನು ನಾಲಿಗೆ ತೊಡರಿಸುವ ಆಟ ಮಾಡಿಕೊಂಡಿದ್ದೆ. ಬಹುಪಾಲು ಸಮೀಕರಣಗಳನ್ನು ಕಾಗದದ ಮೇಲೆ ಬಿಡಿಸಲು ಬರುವುದಿಲ್ಲ. ಆದ್ದರಿಂದ ಜಾಗವನ್ನು ಚೂರು ಚೂರಾಗಿ, ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ಕತ್ತರಿಸಿ ಕಂಪ್ಯೂಟರಿಗೆ ಉಣಿಸಬೇಕು. ಅದು ನಿಮ್ಮಪ್ಪನ ಕೆಲಸ. ಹಾಗೆ ಬಂದ ಉತ್ತರಕ್ಕೂ ನಿಜಕ್ಕೂ ಸಂಬಂಧವಿದೆಯೇ, ಇದ್ದರೆ ತಪ್ಪು ಹೆಚ್ಚೆಂದರೆ ಎಷ್ಟಿರಬಹುದು ಎಂದು ಪಟ್ಟು ಹಿಡಿದು ಕೇಳುವುದು ನನ್ನ ಕೆಲಸ. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಬಂದರೆ ಅವರಿಗೆ ಹಬ್ಬ. ನನಗೆ ಆಗ ಅನುಮಾನ ಶುರುವಾಗುತ್ತಿತ್ತು.

ಕಳೆದ ವರ್ಷದ ಮೊದಲಲ್ಲಿ ಹೃದಯದ ಡಾಕ್ಟರಮ್ಮ ನಮ್ಮನ್ನು ಹುಡುಕಿಕೊಂಡು ಬಂದರು. ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆ ಅವರದು. ದೊಡ್ಡ ರಕ್ತನಾಳ ಒಂದು ಕಡೆ ಕಿರಿದಾಗಿಯೇ ಹುಟ್ಟುವ ಮಕ್ಕಳಿರುತ್ತಾರೆ. ಅದನ್ನು ಕೊಯ್ದು ಅಗಲ ಮಾಡಬೇಕು. ಎಲ್ಲಿ ಎಷ್ಟು ಅಗಲ ಮಾಡಿದರೆ ಒಳಗಿನ ಒತ್ತಡ ಎಷ್ಟಿಳಿಯುತ್ತದೆ ಎಂದು ಕತ್ತಿ ಹಿಡಿಯುವ ಮೊದಲೇ ತಿಳಿದರೆ ಒಳ್ಳೆಯದು ಎನ್ನುವುದು ಅವರ ಆಸೆ. ನಿಮ್ಮಪ್ಪನ ಹತ್ತಿರ ಕಾರ್ಖಾನೆಯ ಪೈಪುಗಳಿಗಾಗಿ ಬರೆದ ಪ್ರೋಗ್ರಾಂ ಇತ್ತು. ಒಂದು ಹೆಜ್ಜೆ ದ್ರವದ ಲೆಕ್ಕ, ಆಮೇಲೆ ಒಂದು ಹೆಜ್ಜೆ ಗೋಡೆಯ ಲೆಕ್ಕ. ಮತ್ತೆ ದ್ರವ, ಮತ್ತೆ ಗೋಡೆ. ವರ್ಷಗಟ್ಟಲೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ‘ಪೈಪಿನ ಬದಲು ರಕ್ತನಾಳ, ನೀರಿನ ಬದಲು ರಕ್ತ, ಅಷ್ಟೇ ತಾನೆ? ತಿಂಗಳೊಳಗೆ ಕೊಡ್ತೀನಿ’ ಅಂದುಬಿಟ್ಟರು.

ಪರದೆಯ ಮೇಲಿನ ಹೃದಯ ಎರಡು ಸಲ ಬಡಿಯುವಷ್ಟರಲ್ಲಿ ನಾಳ ಬಲೂನಿನಂತೆ ಉಬ್ಬಿ, ಸಂಖ್ಯೆಗಳು ಹುಚ್ಚುಹುಚ್ಚಾಗಿ ಏರಿ, ಪ್ರೋಗ್ರಾಂ ನಿಂತುಹೋಯಿತು. ‘ಹೆಜ್ಜೆ ದೊಡ್ಡದಾಯ್ತು’ ಎಂದು ಅರ್ಧ ಮಾಡಿದರು. ಇನ್ನೂ ಬೇಗ ಸಿಡಿಯಿತು. ಮತ್ತೆ ಅರ್ಧ. ಮತ್ತೂ ಬೇಗ. ಚೂಟಿ, ನಮ್ಮ ಕಸುಬಿನಲ್ಲಿ ಇದು ತಲೆಕೆಳಗಾದ ಸಂಗತಿ. ಹೆಜ್ಜೆ ಚಿಕ್ಕದು ಮಾಡಿದರೆ ತಪ್ಪು ಕಡಿಮೆಯಾಗಬೇಕು. ಎಲ್ಲರೂ ಮೊದಲು ಮಾಡುವುದೇ ಅದು.

ಆ ಬೇಸಿಗೆ ಪೂರ್ತಿ ನಿಮ್ಮಪ್ಪ ತಮ್ಮ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದರು. ಸಂಸ್ಥೆಯಲ್ಲಿ ಅವರ ಕೋಣೆಗೂ ನನ್ನ ಕೋಣೆಗೂ ನಡುವೆ ತೆಳ್ಳನೆಯ ಹಲಗೆಯ ಗೋಡೆ. ಆ ಕಡೆಯಿಂದ ಫ್ಯಾನಿನ ಗುಂಯ್ ಎನ್ನುವ ಸದ್ದು, ನಡುನಡುವೆ ‘ಥತ್!’ ಎನ್ನುವ ಒಂದು ಶಬ್ದ. ಮಧ್ಯಾಹ್ನ ಡಬ್ಬಿ ತೆರೆದರೆ ಎರಡು ತುತ್ತಿಗೆ ಮುಚ್ಚುತ್ತಿದ್ದರು. ಮುಖ ಇಳಿಯಿತು, ಕಾಲರಿನ ಸುತ್ತ ಕತ್ತು ಸಣ್ಣದಾಯಿತು. ‘ಈ ದರಿದ್ರ ಪ್ರೋಗ್ರಾಂ ನನ್ನ ತಿಂದುಹಾಕ್ತಿದೆ’ ಎಂದು ನಗುತ್ತಿದ್ದರು. ನಾನೂ ಹಾಗೇ ಅಂದುಕೊಂಡೆ.

ನಾನು ಪೂರ್ತಿ ನಾಳವನ್ನು ಬಿಟ್ಟು, ನೆಟ್ಟಗಿನ ಒಂದು ಕೊಳವೆ ತೆಗೆದುಕೊಂಡೆ. ಕೈಯಲ್ಲೇ ಲೆಕ್ಕ ಮಾಡುವಷ್ಟು ಸರಳ. ಗೋಡೆ ಅಲುಗಿದರೆ ಅದಕ್ಕೆ ತಾಗಿದ ರಕ್ತವೂ ಅಲುಗಬೇಕಲ್ಲ, ಅಂದರೆ ಗೋಡೆ ತನ್ನ ತೂಕದ ಜೊತೆ ಆ ರಕ್ತದ ತೂಕವನ್ನೂ ಹೊರುತ್ತದೆ. ಕಬ್ಬಿಣದ ಪೈಪಿಗೆ ಅದು ಲೆಕ್ಕಕ್ಕಿಲ್ಲ. ಆದರೆ ರಕ್ತನಾಳದ ಗೋಡೆ ತೆಳ್ಳಗೆ, ಹಗುರ. ಒಮ್ಮೆ ರಕ್ತ, ಒಮ್ಮೆ ಗೋಡೆ ಎಂದು ಸರದಿಯಲ್ಲಿ ಲೆಕ್ಕ ಮಾಡಿದಾಗ ಆ ಹೆಚ್ಚಿನ ತೂಕ ಒಂದು ಹೆಜ್ಜೆ ತಡವಾಗಿ ಬಂದು ಬೀಳುತ್ತದೆ. ಪ್ರತಿ ಹೆಜ್ಜೆಯಲ್ಲೂ ತಪ್ಪು ಒಂದಕ್ಕಿಂತ ದೊಡ್ಡ ಸಂಖ್ಯೆಯಿಂದ ಗುಣಿಸಿಕೊಂಡು ಬೆಳೆಯುತ್ತದೆ. ಹೆಜ್ಜೆ ಚಿಕ್ಕದಾದರೆ ಅದೇ ಹೊತ್ತಿನಲ್ಲಿ ಗುಣಾಕಾರ ಇನ್ನೂ ಹೆಚ್ಚು ಸಲ ನಡೆಯುತ್ತದೆ, ಅಷ್ಟೇ. ಇಂಥದ್ದನ್ನು ಬೇರೆಯವರೂ ಕಂಡಿದ್ದಾರೆ, ನಾನೇ ಮೊದಲಿಗಳಲ್ಲ. ಆದರೆ ನಮ್ಮ ಪ್ರೋಗ್ರಾಮಿಗೆ ಇದೇ ರೋಗ ಎಂದು ಒಂದು ಬೆಳಿಗ್ಗೆ ಖಚಿತವಾಯಿತು.

ಬೋರ್ಡಿನ ಮುಂದೆ ಅವರನ್ನು ಕರೆದು ತೋರಿಸಿದೆ. ‘ನಿಮ್ಮ ಪ್ರೋಗ್ರಾಮಲ್ಲಿ ತಪ್ಪೇ ಇಲ್ಲ ಕಣ್ರೀ. ಈ ದಾರೀಲಿ ಹೋದ್ರೆ ಯಾರು ಬರೆದ್ರೂ ಸಿಡಿಯುತ್ತೆ.’

ಅವರು ಬೋರ್ಡನ್ನೇ ನೋಡುತ್ತ ನಿಂತರು. ಆಮೇಲೆ ಡಸ್ಟರು ಎತ್ತಿಕೊಂಡು, ಏನನ್ನೂ ಅಳಿಸದೆ ಅದನ್ನು ಕೈಯಿಂದ ಕೈಗೆ ಬದಲಿಸುತ್ತ, ‘ಬೇಸಿಗೆ ಪೂರ್ತಿ ಇಲ್ಲದ ತಪ್ಪು ಹುಡುಕಿದ್ನಲ್ಲೇ’ ಅಂದರು. ನಗುತ್ತಾರೆಂದುಕೊಂಡೆ. ಕಣ್ಣು ಒದ್ದೆಯಾಗಿತ್ತು. ಆ ವಾರವೇ ಹೊಟ್ಟೆನೋವು ತಡೆಯಲಾರದೆ ಆಸ್ಪತ್ರೆಗೆ ಹೋದದ್ದು.

ಗಡ್ಡೆ ಇದೆ, ಔಷಧ ಶುರುಮಾಡೋಣ ಎಂದು ಅಲ್ಲಿನ ಡಾಕ್ಟರು ಅವರ ಎದುರಿಗೆ ಹೇಳಿದರು. ಎಷ್ಟು ಹರಡಿದೆ ಎನ್ನುವುದನ್ನು ನನ್ನೊಬ್ಬಳನ್ನು ಕಾರಿಡಾರಿಗೆ ಕರೆದು ಹೇಳಿದರು. ‘ಅವರಿಗೆ ಹೇಳೋದು ಬಿಡೋದು ನಿಮಗೆ ಸೇರಿದ್ದು’ ಅಂದರು. ನಿನಗೂ ಆಗ ಗಡ್ಡೆ ಅಂತಷ್ಟೇ ತಿಳಿಸಿದ್ದು, ಚೂಟಿ. ನಿನ್ನ ತಂಡದ ಹೊಸ ನಾಟಕ ಅದರ ಮುಂದಿನ ವಾರವಿತ್ತು, ಬೆಳಕಿನ ಹೊಣೆ ನಿನ್ನದು. ಅಪ್ಪನೇ ಬೇಡವೆಂದರು. ‘ಅವಳು ಬಂದು ನನ್ನ ಹೊಟ್ಟೆಗೆ ದೀಪ ಹಾಕ್ತಾಳಾ? ಅಲ್ಲೇ ಇರಲಿ’ ಎಂದು ತಮಾಷೆ ಮಾಡಿದರು.

ಸೋಮವಾರ, ಬೆಳಿಗ್ಗೆ

ನಿನ್ನೆ ಅಲ್ಲಿಗೆ ಬಿಟ್ಟು ಎದ್ದುಬಿಟ್ಟೆ. ಇವತ್ತು ಸಂಸ್ಥೆಗೆ ರಜೆ ಹಾಕಿದ್ದೇನೆ, ಬಿಟ್ಟಲ್ಲಿಂದ ಹೇಳುತ್ತೇನೆ.

ಒಂದು ಹುಡುಗಿ ಕಾಯುತ್ತಿದ್ದಳು. ಆರು ವರ್ಷದವಳು, ಎರಡು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತಂತೆ. ಡಾಕ್ಟರಮ್ಮ ಬಂದು, ‘ಮೇಡಂ, ನಂಗೆ ಪರ್ಫೆಕ್ಟ್ ಬೇಡ. ಒಂದು ಅಂದಾಜು ಕೊಡಿ ಸಾಕು’ ಅಂದರು. ನಿಮ್ಮಪ್ಪ ಎರಡು ಸುತ್ತು ಔಷಧದ ನಡುವೆ ಮನೆಯಲ್ಲಿದ್ದರು, ಕುಳಿತಲ್ಲೇ ಒಂದು ಉಪಾಯ ಮಾಡಿದರು. ರಕ್ತದಲ್ಲಿ ನಿಜಕ್ಕೂ ಇಲ್ಲದ ಒಂದು ಜಿಗುಟನ್ನು ಲೆಕ್ಕದೊಳಗೆ ಸೇರಿಸಿದರು. ಸಂಖ್ಯೆಗಳ ಕುಣಿತ ನಿಂತಿತು. ನಾಳ ಸಿಡಿಯಲಿಲ್ಲ. ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ, ನಾನೂ ಒಂದು ಗಳಿಗೆ ನೋಡುತ್ತ ನಿಂತೆ.

‘ಒತ್ತಡ ಎಷ್ಟು ತೋರಿಸ್ತಿದೆ?’ ಎಂದೆ.

ಹೇಳಿದರು.

‘ಅದು ನಿಜಕ್ಕಿಂತ ಕಡಿಮೆ. ನೀವು ಹಾಕಿರೋ ಜಿಗುಟು ಒತ್ತಡದ ತುದೀನ ತಿಂದುಹಾಕಿದೆ.’

‘ಎಷ್ಟು ಕಡಿಮೆ?’

‘ಅದೇ ಗೊತ್ತಿಲ್ಲ. ಮಿತಿ ಹಾಕೋಕೆ ಆಗ್ತಿಲ್ಲ.’

‘ಸ್ವಲ್ಪ ಕಡಿಮೆ ಇರಬಹುದು ಅಂತ ಬರೆದು ಕೊಡೋಣ.’

‘ಸ್ವಲ್ಪ ಅಂದ್ರೆ ಎಷ್ಟು? ಅವರು ಆ ಅಂಕಿ ನೋಡಿ ಕತ್ತಿ ಹಾಕ್ತಾರೆ. ನಾವು ಕೂತು ಚಿತ್ರ ನೋಡ್ತಿದ್ದೀವಿ.’

ನಿಮ್ಮಪ್ಪ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಅವತ್ತು ಕೂಗಿಯೇ ಬಿಟ್ಟರು: ‘ಎಲ್ಲರಿಗೂ ನಿನ್ನ ಪ್ರೂಫ್ ಮುಗಿಯೋವರೆಗೆ ಟೈಮ್ ಇರಲ್ಲ!’ ಕೂಗಿದ ಆಯಾಸಕ್ಕೆ ಕೆಮ್ಮು ಬಂತು. ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟರು. ಮಧ್ಯಾಹ್ನ ತಾವೇ ಡಾಕ್ಟರಮ್ಮನಿಗೆ ಫೋನು ಮಾಡಿ, ‘ನಮ್ಮ ಲೆಕ್ಕ ನಂಬೋ ಹಾಗಿಲ್ಲ, ನಿಮ್ಮ ಅನುಭವದ ಮೇಲೆ ಮಾಡಿ’ ಅಂದರು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಫೋನು ಇಟ್ಟ ಮೇಲೆ ಅವರು ಆ ಚಿತ್ರವನ್ನು ಅಳಿಸಿಹಾಕಿದರು.

ಡಾಕ್ಟರಮ್ಮ ತಮ್ಮ ಕೈಯ ಅನುಭವ ನಂಬಿ ಕೊಯ್ದರು. ಹುಡುಗಿ ಉಳಿದಳು. ಆದರೆ ಅಗಲ ಮಾಡಿದ್ದು ಸಾಲಲಿಲ್ಲ, ಇನ್ನೊಮ್ಮೆ ಕೊಯ್ಯಬೇಕು ಎಂದಾಯಿತು. ನಾನು ಅವರ ಮುಖ ನೋಡಲು ಹಿಂಜರಿದೆ. ಅವರೇ ಹೇಳಿದರು: ‘ನೀವು ಆ ಕಡಿಮೆ ಅಂಕಿ ಕೊಟ್ಟಿದ್ರೆ ನಾನು ಇನ್ನೂ ಕಡಿಮೆ ಅಗಲ ಮಾಡ್ತಿದ್ದೆ ಮೇಡಂ. ನಂಬಿ ಬಿಡ್ತಿದ್ದೆ.’ ಅದನ್ನು ಬಂದು ನಿಮ್ಮಪ್ಪನಿಗೆ ಹೇಳಿದಾಗ ಗೋಡೆಯ ಕಡೆ ತಿರುಗಿ ಮಲಗಿದರು. ಆ ಕಡೆಯಿಂದಲೇ, ‘ಎರಡನೇ ಸಲಕ್ಕೆ ನಾವು ಸರಿಯಾದ್ದು ಕೊಡೋಣ’ ಅಂದರು.

ಆಮೇಲಿನ ತಿಂಗಳುಗಳಲ್ಲಿ ಅವರು ಆಸ್ಪತ್ರೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಕೊನೆಗೆ ಅಲ್ಲೇ. ಡಾಕ್ಟರಮ್ಮನ ಆಸ್ಪತ್ರೆಯಲ್ಲೇ, ನಾಲ್ಕನೇ ಮಹಡಿಯ ಕೋಣೆ. ಕಿಟಕಿಯಿಂದ ಲಾಂಡ್ರಿಯ ಬಿಳಿ ಹಾಸಿಗೆಬಟ್ಟೆಗಳು ಒಣಗುವುದು ಕಾಣುತ್ತಿತ್ತು. ಒಂದು ಮಧ್ಯಾಹ್ನ ಮಲಗಿದ್ದವರು ಕಣ್ಣು ಬಿಟ್ಟು, ‘ಗೋಡೆಯ ಪೂರ್ತಿ ಲೆಕ್ಕವನ್ನ ಆಮೇಲಕ್ಕೆ ಯಾಕೆ ಇಡಬೇಕು? ಅದರ ತೂಕಾನ ರಕ್ತದ ಹೆಜ್ಜೆ ಒಳಗೇ ಸೇರಿಸಿಬಿಡೋಣ. ಎಳೆತ ಮಾತ್ರ ಬೇರೆ ಮಾಡೋಣ’ ಅಂದರು. ನಾನು ಕಿತ್ತಳೆ ಸುಲಿಯುತ್ತಿದ್ದೆ. ಕೈ ಹಾಗೇ ನಿಂತಿತು. ಎಷ್ಟು ಸರಳ! ತಡವಾಗಿ ಬಂದು ಬೀಳುತ್ತಿದ್ದ ತೂಕ ಈಗ ತಡವಾಗುವಂತೆಯೇ ಇಲ್ಲ.

ಹಾಸಿಗೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್. ನರ್ಸಮ್ಮ ಬೈದರೆ ‘ಪೇಪರ್ ಓದ್ತಿದ್ದೀನಿ ಸಿಸ್ಟರ್’ ಎಂದು ಹಸಿ ಸುಳ್ಳು ಹೇಳುತ್ತಿದ್ದರು. ಒಂದೊಂದು ಸಾಲಿಗೆ ಹಿಂದಿನ ಹತ್ತು ಸಾಲಿನಷ್ಟು ಹೊತ್ತು ಹಿಡಿಯುತ್ತಿತ್ತು. ಕೊನೆಗೆ ಓಡಿಸಿದರು. ಹೃದಯ ಬಡಿಯಿತು, ಬಡಿಯುತ್ತಲೇ ಹೋಯಿತು. ನಾಳ ಉಬ್ಬಿತು, ಇಳಿಯಿತು, ಉಬ್ಬಿತು, ಇಳಿಯಿತು. ನಾವಿಬ್ಬರೂ ಬಹಳ ಹೊತ್ತು ನೋಡಿದೆವು. ‘ಸರಿ, ಇನ್ನು ನೀನು ನಂಬದೆ ಇರೋ ಕೆಲಸ ಶುರುಮಾಡು’ ಎಂದು ನಕ್ಕು ಕಣ್ಣು ಮುಚ್ಚಿದರು.

ನಂಬದೆ ಇರುವುದು ಸುಲಭವಿರಲಿಲ್ಲ, ಚೂಟಿ. ಪ್ರತಿ ಹೆಜ್ಜೆಯಲ್ಲಿ ರಕ್ತ ಮತ್ತು ಗೋಡೆಯ ಶಕ್ತಿಯ ಮೊತ್ತ ಹೆಚ್ಚಾಗುವುದಿಲ್ಲ ಎಂದು ತೋರಿಸಬೇಕು. ಸಮೀಕರಣದ ಎಲ್ಲ ಪದಗಳೂ ಜಾಗಕ್ಕೆ ಬಂದು ಕೂತರೂ ಒಂದು ಪದ ಮಾತ್ರ ತಪ್ಪು ಚಿಹ್ನೆ ಹೊತ್ತು ಉಳಿದುಬಿಡುತ್ತಿತ್ತು. ಅದನ್ನು ಯಾವ ಅಸಮತೆಯಿಂದ ಹಿಡಿಯಲು ಹೋದರೂ, ಹೆಜ್ಜೆ ಚಿಕ್ಕದಾದಂತೆ, ತಪ್ಪಿನ ಮಿತಿ ಎಷ್ಟೆಂದು ಹೇಳುವ ಸ್ಥಿರಾಂಕ ಕೈ ಮೀರಿ ಬೆಳೆಯುತ್ತಿತ್ತು. ಅಂದರೆ ಪ್ರಮೇಯ ಇದ್ದೂ ಇಲ್ಲದ ಹಾಗೆ. ದಿನಾ ಸಂಸ್ಥೆಯಿಂದ ಬಸ್ಸಿನಲ್ಲಿ ಹೋಗಿ ಲಿಫ್ಟು ಹತ್ತಿ ಕೋಣೆಗೆ ಕಾಲಿಟ್ಟರೆ ಮೊದಲ ಮಾತು, ‘ಬಂತಾ?’ ನಾನು ‘ಇಲ್ಲ’ ಎನ್ನುವೆ. ‘ಬರುತ್ತೆ ಬಿಡು.’ ಆಮೇಲೆ ನೋವಿನ ಔಷಧ ಹೆಚ್ಚಾದಂತೆ ‘ಬಂತಾ’ ಕೂಡ ನಿಂತಿತು. ನನ್ನನ್ನು ನೋಡುವರು, ನನ್ನಾಚೆಗೂ ನೋಡುವರು.

ಪ್ರೂಫ್ ಬಸ್ಸಿನಲ್ಲಿ ಸಿಕ್ಕಿತು. ಸಿಗ್ನಲಿನಲ್ಲಿ ನಿಂತಾಗ, ಕಂಬಿ ಹಿಡಿದು ನಿಂತಿದ್ದೆ. ನಾನು ಒಂದೊಂದು ಹೆಜ್ಜೆಯನ್ನೂ ಬೇರೆ ಬೇರೆಯಾಗಿ ಹಿಡಿಯಲು ಹೋಗುತ್ತಿದ್ದೆ. ಎಲ್ಲ ಹೆಜ್ಜೆಗಳನ್ನೂ ಕೂಡಿಸಿ ನೋಡಿದರೆ, ಈ ಹೆಜ್ಜೆಯಲ್ಲಿ ಉಳಿದ ಆ ಪದ ಮುಂದಿನ ಹೆಜ್ಜೆಯ ಪದದ ಜೊತೆ ಕಳೆದುಹೋಗುತ್ತದೆ. ಕೊನೆಯದೊಂದು ಮಾತ್ರ ಉಳಿಯುತ್ತದೆ, ಅದಕ್ಕೆ ಜಾಗ ಇದೆ. ಇಳಿಯಬೇಕಾದ ಸ್ಟಾಪು ದಾಟಿಹೋಯಿತು. ವಾಪಸ್ ನಡೆದು ಬಂದೆ, ಮಂಡಿಯ ನೆನಪೇ ಆಗಲಿಲ್ಲ.

ಅವರು ಅರೆನಿದ್ದೆಯಲ್ಲಿದ್ದರು. ಕೇಳಿಸುತ್ತದೋ ಇಲ್ಲವೋ, ಕಿವಿಯ ಹತ್ತಿರ ಬಾಗಿ ‘ಬಂತು ರೀ’ ಎಂದೆ. ಏನೂ ಇಲ್ಲ. ಕೈ ಹಿಡಿದುಕೊಂಡು ಕುಳಿತೆ. ಎಷ್ಟೋ ಹೊತ್ತಾದ ಮೇಲೆ, ಕಣ್ಣು ತೆರೆಯದೆಯೇ, ಸಂಸ್ಥೆಯ ಸೆಮಿನಾರಿನಲ್ಲಿ ಕೊನೆಯ ಬೆಂಚಿನಿಂದ ಕೇಳುವ ಹಾಗೆ ಸ್ಪಷ್ಟವಾಗಿ ಕೇಳಿದರು:

‘ಸ್ಥಿರಾಂಕ?’

‘ಹೆಜ್ಜೆಯ ಮೇಲೆ ನಿಂತಿಲ್ಲ’ ಎಂದೆ. ‘ಎಷ್ಟು ಚಿಕ್ಕ ಹೆಜ್ಜೆ ಇಟ್ರೂ ಅದು ಬೆಳೆಯಲ್ಲ.’

‘ಒಳ್ಳೇದು’ ಅಂದರು.

ನೀನು ಬಂದದ್ದು ಅದರ ಮಾರನೆಯ ದಿನ. ಅವರು ಮಾತಾಡಿದ್ದು ಅದೇ ಕೊನೆ. ನಿನ್ನ ಜೊತೆ ಒಂದು ಮಾತೂ ಆಡಲಿಲ್ಲವೆಂದು ನೀನು ಅತ್ತಾಗ ನನಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಕೊನೆಯ ಮಾತು ಮಗಳಿಗಲ್ಲ, ಒಂದು ಸ್ಥಿರಾಂಕಕ್ಕೆ ಎಂದರೆ ನಿನಗೆ ಹೇಗಾದೀತು ಎನಿಸಿತು. ಈಗ ಹೇಳಿದ್ದೇನೆ. ನೋಯಬೇಡ. ನೀನು ಅವರ ಹಣೆ ಸವರುತ್ತ ಕುಳಿತಾಗ ಅವರ ಉಸಿರು ನಿಧಾನವಾಗಿ ಹದಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ.

ಹೋದ ವಾರ ಡಾಕ್ಟರಮ್ಮ ಕರೆದಿದ್ದರು. ಆ ಹುಡುಗಿಗೆ ಎರಡನೇ ಸಲದ ಚಿಕಿತ್ಸೆ ನಮ್ಮ ಲೆಕ್ಕದ ಮೇಲೆ ನಡೆದಿತ್ತು. ಒತ್ತಡ ನಾವು ಹೇಳಿದ ಮಿತಿಯೊಳಗೇ ಬಂದಿತ್ತು. ಹುಡುಗಿ ಕಾರಿಡಾರಿನಲ್ಲಿ ಚಪ್ಪಲಿ ಬಡಿಯುತ್ತ ಓಡಾಡುತ್ತಿದ್ದಳು. ಅವಳ ತಾಯಿ ‘ಮೆಲ್ಲಗೆ, ಮೆಲ್ಲಗೆ’ ಎಂದು ಹಿಂದೆಯೇ. ನನ್ನನ್ನು ಯಾರೆಂದು ಅವರಿಗೆ ಪರಿಚಯಿಸುವುದು ಬೇಡವೆಂದೆ. ಅಲ್ಲಿ ನಿಂತು ನೋಡಿ, ಲಿಫ್ಟಿಗೆ ಹೋದೆ. ಅಭ್ಯಾಸದಿಂದ ನಾಲ್ಕನೇ ಮಹಡಿಯ ಗುಂಡಿ ಒತ್ತಿದೆ. ಬಾಗಿಲು ತೆರೆಯಿತು, ಮುಚ್ಚಿತು, ಕೆಳಗಿಳಿದೆ.

ನೀನು ಚೆನ್ನಾಗಿರು, ಮಗಳೇ. ಹೊತ್ತಿಗೆ ಸರಿಯಾಗಿ ಉಣ್ಣು. ಏಣಿಯ ಮೇಲೆ ನಿಂತು ದೀಪ ತಿರುಗಿಸುವಾಗ ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ನೀನು ಬೆಳಗಿಸುವ ರಂಗದ ಮೇಲೆ ಒಳ್ಳೆಯ ನಾಟಕಗಳು ನಡೆಯಲಿ, ನಿನ್ನ ಬದುಕೂ ಬೆಳಕಾಗಿರಲಿ. ಬಿಡುವಾದಾಗ ಬಾ. ಬಾರದಿದ್ದರೆ ಬೈಯುವುದಿಲ್ಲ, ಕಾಯುತ್ತೇನೆ.

ನಿನ್ನ
ಅಮ್ಮ

ತಾ.ಕ.: ನೀನು ಹೊರಡುವ ದಿನ ರೈಲಿನ ಬಾಗಿಲಲ್ಲಿ ನಿಂತು, ‘ಅಪ್ಪಂಗೆ ಗೊತ್ತಿತ್ತಾ ಅಮ್ಮ, ಉಳಿಯಲ್ಲ ಅಂತ?’ ಎಂದು ಕೇಳಿದೆ. ‘ಯಾರೂ ಹೇಳಲಿಲ್ಲ’ ಎಂದೆ. ಅದು ಸುಳ್ಳಲ್ಲ, ಯಾರೂ ಹೇಳಲಿಲ್ಲ. ಆದರೆ ನೀನು ಕೇಳಿದ್ದು ಅದಲ್ಲ.

ಡಾಕ್ಟರು ಕಾರಿಡಾರಿನಲ್ಲಿ ನನಗೆ ಹೇಳಿದ ಮೇಲೆ ಮುಖ ತೊಳೆದುಕೊಂಡು ಒಳಗೆ ಹೋದೆ. ನಿಮ್ಮಪ್ಪ ಮಂಚದ ಅಂಚಿನಲ್ಲಿ ಕುಳಿತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ‘ಏನಂದ್ರು? ಸರಿಹೋಗ್ತೀನಲ್ವಾ?’ ಎಂದು ಕೇಳಿದರು. ನಾನು, ‘ಖಂಡಿತ. ನೂರಕ್ಕೆ ನೂರು ಸರಿಹೋಗ್ತೀರಿ’ ಎಂದೆ.

ಚೂಟಿ, ನಾನು ಜನ್ಮದಲ್ಲಿ ಹಾಗೆ ಮಾತಾಡಿದವಳಲ್ಲ. ನನ್ನನ್ನು ಮದುವೆಯಾಗ್ತೀಯಾ ಎಂದು ಅವರು ಕೇಳಿದಾಗಲೂ ‘ಇಲ್ಲೀವರೆಗೆ ನೋಡಿದ್ರಲ್ಲಿ ಬೇಡ ಅನ್ನೋಕೆ ಕಾರಣ ಸಿಕ್ಕಿಲ್ಲ’ ಎಂದವಳು. ಪ್ರೂಫ್ ಇಲ್ಲದೆ ನಾನು ಖಂಡಿತ ಎನ್ನುವುದನ್ನು ಅವರು ಕೇಳಿದ್ದು ಅದೇ ಮೊದಲು.

ಗುಂಡಿಯ ಮೇಲಿದ್ದ ಬೆರಳು ನಿಂತಿತು. ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿ, ಉಳಿದ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, ಎದ್ದು ನನ್ನ ಭುಜದ ಮೇಲೆ ಕೈಯಿಟ್ಟು, ‘ಸರಿ ನಡಿ. ಕೆಲಸ ಬೇಗ ಮುಗಿಸೋಣ’ ಅಂದರು.